ಪರವೂರಿನಲ್ಲಿ ದೇಹಸಾಧನೆ

ದೀರ್ಘದೂರದ ಓಟವನ್ನು ವ್ರತದಂತೆ ಆಚರಿಸುವವರು ಪರವೂರಿಗೆ ಹೊರಟೊಡನೆ ಎರಡು ಅತಿರೇಕಗಳಲ್ಲಿ ಒಂದಕ್ಕೆ ಒಳಗಾಗುವುದುಂಟು: ಒಂದೋ ಸಾಧನೆಗೆ ಸಂಪೂರ್ಣ ವಿರಾಮ, ಇಲ್ಲವೇ ಮನೆಯ ದಿನಚರಿಯನ್ನೇ ಅಲ್ಲಿಯೂ ಚಾಚೂ ತಪ್ಪದೆ ನಡೆಸುವೆನೆಂಬ ಹಟ. ಇವೆರಡೂ ವಿವೇಕದ ಮಾರ್ಗವಲ್ಲವೆಂಬುದು ನನ್ನ ಮತ.

ದಸರಾ ಕಾಲದ ಮೈಸೂರನ್ನೇ ನೋಡೋಣ. ಹೊತ್ತೇರಿದ ಮೇಲೆ ಅರಮನೆಯ ಸುತ್ತಣ ಬೀದಿಗಳಲ್ಲಿ ಓಡುವುದಂತಿರಲಿ, ನಡೆಯುವುದೇ ದುಸ್ತರ. ಆದರೆ ಅರುಣೋದಯಕ್ಕೆ ಚಾಮುಂಡಿಬೆಟ್ಟದ ಬುಡವನ್ನು ಸೇರಿದವನಿಗೆ, ದೊಡ್ಡದೇವರಾಜ ಒಡೆಯರು 17ನೆಯ ಶತಮಾನದಲ್ಲಿ ಕಟ್ಟಿಸಿದ ಸುಮಾರು 1,000 ಮೆಟ್ಟಿಲುಗಳ ಸೋಪಾನವು ಅಲ್ಪಕಾಲದಲ್ಲಿಯೇ ಉಸಿರಿಗೂ ತೊಡೆಗಳಿಗೂ ತಕ್ಕ ಪರೀಕ್ಷೆಯನ್ನೊಡ್ಡುವುದು. ಅಭ್ಯಾಸದ ಅವಧಿಯನ್ನು ಕೆಲವು ವಾರ ಅರ್ಧಕ್ಕೆ ಇಳಿಸಿದರೂ, ತೀವ್ರತೆಯನ್ನು ಬಿಡದಿದ್ದಲ್ಲಿ, ಗಳಿಸಿದ ಕಸುವು ಬಹುಮಟ್ಟಿಗೆ ಉಳಿಯುವುದೆಂಬುದು ವ್ಯಾಯಾಮಶಾಸ್ತ್ರದಲ್ಲಿ ದೃಢಪಟ್ಟ ಸಂಗತಿ. ಪೂರ್ಣವಾಗಿ ನಿಲ್ಲಿಸಿದರೆ ಮಾತ್ರ 2–3 ವಾರಗಳಲ್ಲಿಯೇ ಅದು ಕುಗ್ಗತೊಡಗುತ್ತದೆ. ಆದಕಾರಣ ಪ್ರವಾಸಿಗೆ ಬೇಕಾದುದು ದೀರ್ಘವಾದ ಓಟವಲ್ಲ, ದಿನ ಬಿಟ್ಟು ದಿನ ಅರ್ಧ ಗಂಟೆಯ ಹುರುಪಿನ ಏರಾಟ.

ಆದರೂ ಒಂದು ಮಾತನ್ನು ಮರೆಯಲಾಗದು. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಾಗಿ, ಬಟ್ಟಲಿನಿಂದ ಅರಿಸಿನ ಕುಂಕುಮವನ್ನು ತೆಗೆದು ಹಚ್ಚುತ್ತ ಮೇಲೇರುವ ಹಾದಿ ಅದು. ಕೈಗಡಿಯಾರದ ಮೇಲೆ ಕಣ್ಣಿಟ್ಟು ಅವರನ್ನು ಸರಿಸಿಕೊಂಡು ಧಾವಿಸುವುದು ಶಿಷ್ಟಾಚಾರವಲ್ಲ. ನಿಂತು ಅವರಿಗೆ ದಾರಿಬಿಟ್ಟು, ದಾರಿಯಲ್ಲಿನ ನಂದಿವಿಗ್ರಹದ ಸನ್ನಿಧಿಯಲ್ಲಿ ದಣಿವಾರಿಸಿಕೊಂಡು, ಬಿಸಿಲೇರುವ ಮುನ್ನ ಇಳಿದು ಬಂದವನು ದೇಹವನ್ನೂ ಕಾಪಾಡಿಕೊಂಡಾನು, ಊರನ್ನೂ ಕಂಡಾನು.