ಹನ್ನೆರಡು ದಾಟಿದ ಮಗ ಎಲ್ಲಿಗೆ ಹೋಗಬೇಕು?

ನಮ್ಮೂರಿನ ಮಹಿಳಾ ಆಶ್ರಯಧಾಮವೊಂದರಲ್ಲಿ ವಾರಕ್ಕೆರಡು ಸಂಜೆ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ಕಳೆದ ಮಳೆಗಾಲದಲ್ಲಿ ಒಬ್ಬ ತಾಯಿ ಆರು ವರ್ಷದ ಮಗಳನ್ನೂ ಹದಿಮೂರರ ಮಗನನ್ನೂ ಕರೆದುಕೊಂಡು ಅಲ್ಲಿಗೆ ಬಂದಳು. ಮಗನ ಮುಂಗೈಗೆ ಬ್ಯಾಂಡೇಜು. ಅಮ್ಮನ ಮೇಲೆ ಬೀಳಬೇಕಿದ್ದ ಏಟಿಗೆ ಅವನು ಕೈ ಅಡ್ಡ ಹಿಡಿದಿದ್ದ. ಮೇಲ್ವಿಚಾರಕಿ ಅವನ ವಯಸ್ಸು ಕೇಳಿ ಪೆನ್ನು ಕೆಳಗಿಟ್ಟರು. "ನೀನೂ ಮಗಳೂ ಇರಬಹುದಮ್ಮ. ಇವನನ್ನು ಬಾಲಮಂದಿರಕ್ಕೆ ಕಳಿಸಬೇಕಾಗುತ್ತೆ." ಆ ರಾತ್ರಿ ಹುಡುಗ ಆಫೀಸಿನ ಬೆಂಚಿನ ಮೇಲೆ ಮಲಗಿದ. ಬೆಳಗಿನ ಬಸ್ಸಿಗೆ ಮೂವರೂ ಆ ಮನೆಗೇ ವಾಪಸಾದರು.

ಮೇಲ್ವಿಚಾರಕಿಯನ್ನು ದೂರಲಾರೆ. ಅಪರಾತ್ರಿಯಲ್ಲಿ ಬಂದವರಿಗೆ ಅನ್ನ ಬಡಿಸುವುದು, ಆಸ್ಪತ್ರೆಗೂ ಕೋರ್ಟಿಗೂ ಜೊತೆಯಾಗುವುದು, ಟಿ.ಸಿ. ಇಲ್ಲದ ಮಕ್ಕಳನ್ನು ಶಾಲೆಗೆ ಸೇರಿಸುವುದು ಎಲ್ಲವೂ ಅವರೇ. ತಪ್ಪು ನಿಯಮದ್ದು. ಸ್ವಾಧಾರ ಗೃಹ ಯೋಜನೆಯಲ್ಲಿ ತಾಯಿಯ ಜೊತೆಗಿರಲು ಗಂಡುಮಕ್ಕಳಿಗೆ 8 ವರ್ಷದ ಮಿತಿಯಿತ್ತು. ಆಮೇಲೆ ಬಂದ ಶಕ್ತಿ ಸದನ ಅದನ್ನು 12ಕ್ಕೆ ಏರಿಸಿತು. ಆದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಕಾಯ್ದೆಯಲ್ಲಿ ಮಗುವಾದವನು ಆಶ್ರಯಧಾಮದ ಬಾಗಿಲಲ್ಲಿ ಗಂಡಸಾಗುವುದು ಹೇಗೆ?

ಗಂಡಸರಿಂದಲೇ ನೊಂದು ಬಂದ ಹೆಂಗಸರ, ಹರೆಯದ ಹುಡುಗಿಯರ ನಡುವೆ ದೊಡ್ಡ ಹುಡುಗನನ್ನು ಇಟ್ಟುಕೊಳ್ಳುವುದು ಹೇಗೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಅದಕ್ಕೆ ಬೇಕಾದದ್ದು ಇನ್ನೊಂದು ಗೋಡೆ, ಇನ್ನೊಂದು ಬಚ್ಚಲು, ಚಿಲಕವಿರುವ ಒಂದು ಕೋಣೆ. ಅಷ್ಟು ದುಡ್ಡು ಉಳಿಸಲು ನಾವು ತಾಯಿಯನ್ನೂ ಮಗನನ್ನೂ ಬೇರೆ ಮಾಡುತ್ತಿದ್ದೇವೆ.

ಅದೇ ಕಾಯ್ದೆಯ 19ನೇ ಸೆಕ್ಷನ್ನಿನಡಿ, ಹೊಡೆಯುವ ಗಂಡನೇ ಮನೆ ಬಿಟ್ಟು ಹೊರಗಿರಬೇಕೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಹಾಗಾದರೆ ಮಕ್ಕಳು ಶಾಲೆಯನ್ನೂ ಗೆಳೆಯರನ್ನೂ ಬಿಟ್ಟು ಓಡಬೇಕಿಲ್ಲ. ನಾನು ಮಾತಾಡಿಸಿದ ತಾಯಂದಿರಲ್ಲಿ ಹೆಚ್ಚಿನವರಿಗೆ ಇದನ್ನು ಯಾರೂ ಹೇಳಿರಲಿಲ್ಲ. "ಹೊಂದಿಕೊಂಡು ಹೋಗಮ್ಮ" ಅಂದವರು ಮಾತ್ರ ಬಹಳ.

"ಅಷ್ಟು ಹೊಡೆತ ತಿಂದೂ ಅವಳು ಯಾಕೆ ವಾಪಸು ಹೋದಳು?" ಓದಿದವರೂ ನನ್ನನ್ನು ಹೀಗೆ ಕೇಳುತ್ತಾರೆ. ಮಗನನ್ನು ಬಿಡಲಾರದೆ ಹೋದಳು. ಅಪ್ಪನ ಕೈ ತಡೆದ ಆ ಹುಡುಗ ಈಗ, ಅಮ್ಮ ಮತ್ತೆ ಆ ಮನೆ ಸೇರಿದ್ದು ತನ್ನಿಂದಲೇ ಎಂದುಕೊಂಡು ಬೆಳೆಯುತ್ತಾನೆ. ವಯಸ್ಸಿನ ಈ ಮಿತಿ ಹೋಗಬೇಕು. ಜಿಲ್ಲೆಗೊಂದಾದರೂ ತಾಯಿ ತನ್ನೆಲ್ಲ ಮಕ್ಕಳೊಂದಿಗೆ ಇರಬಲ್ಲ ಧಾಮ ಬೇಕು. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಅವಳಿಗೆ ಕೇಳುವ ಹಕ್ಕು ನಮಗಿಲ್ಲ.