ಬೂದಿದಿಬ್ಬಕ್ಕೆ ವಯಸ್ಸುಂಟು, ವಾರಸುದಾರರಿಲ್ಲ

ಬಳ್ಳಾರಿ-ಹೊಸಪೇಟೆ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ಕುಡತಿನಿ ಹತ್ತಿರದ ಬೂದಿದಿಬ್ಬದ ಕಥೆ ಹೊಸದಲ್ಲ. ಭೀಮ ಹಿಡಿಂಬಾಸುರನನ್ನು ಕೊಂದು ಸುಟ್ಟ ಜಾಗ ಅದು ಅಂತ ಹಳಬರ ಮಾತು. ಹಂಪಿ ಬಳಿಯ ನಿಂಬಾಪುರದ ದಿಬ್ಬಕ್ಕಾದರೆ ವಾಲಿಯ ಚಿತೆ ಅನ್ನುತ್ತಾರೆ.

ಕಥೆ ಕಟ್ಟಿದ್ದು ಹಳ್ಳಿಯವರಷ್ಟೇ ಅಲ್ಲ, ದೊರೆಗಳೂ ಕಟ್ಟಿದರು. 1899ರಲ್ಲಿ ರಾಬರ್ಟ್ ಸೆವೆಲ್ ಇದನ್ನು ವಿಜಯನಗರ ಕಾಲದಲ್ಲಿ ಹೆಣ ಸುಟ್ಟ ಬೂದಿ ಎಂದ. ಇನ್ನು ಕೆಲವರು ಕಬ್ಬಿಣದ ಕುಲುಮೆ ಎಂದರು. ರಾಬರ್ಟ್ ಬ್ರೂಸ್ ಫೂಟ್ ಮಾತ್ರ, ಇದು ದನದ ಸಗಣಿ, ಕಲ್ಲುಕೊಡಲಿ ಕಾಲದ್ದು ಎಂದಿದ್ದ. ಆಗ ಯಾರು ಕೇಳ್ತಾರೆ?

ಜಗಳ ಬಗೆಹರಿದಿದ್ದು ಈಗಿನ ತೆಲಂಗಾಣಕ್ಕೆ ಸೇರಿದ ಉತ್ನೂರಿನಲ್ಲಿ. 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಅಲ್ಲಿನ ದಿಬ್ಬ ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಅಲ್ಲಿನ ಇದ್ದಿಲನ್ನು ರೇಡಿಯೋ ಕಾರ್ಬನ್ ಪರೀಕ್ಷೆಗೆ ಕೊಟ್ಟರೆ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನದು ಎಂದು ಬಂತು. ವಿಜಯನಗರದ ಮಾತು ಅಲ್ಲಿಗೆ ಮುಗೀತು.

ಲೆಕ್ಕ ಸರಳ. ಗಿಡ, ದನ, ಮನುಷ್ಯ ಯಾರೇ ಇರಲಿ, ಬದುಕಿದ್ದಾಗ ಮೈಯಲ್ಲಿ ಒಂದಿಷ್ಟು ಕಾರ್ಬನ್-14 ಇರುತ್ತದೆ. ಸತ್ತ ಮೇಲೆ ಹೊಸದಾಗಿ ಸೇರುವುದಿಲ್ಲ, ಇದ್ದದ್ದು ಕರಗುತ್ತಾ ಹೋಗುತ್ತದೆ. ಸುಮಾರು 5730 ವರ್ಷಕ್ಕೆ ಅರ್ಧ. ಉಳಿದದ್ದನ್ನು ಅಳೆದರೆ ಸತ್ತ ಕಾಲ ಗೊತ್ತಾಗುತ್ತದೆ.

ಆದರೆ ಮಣ್ಣಿನ ವಿಷಯ ಹಾಗಲ್ಲ. ಮಣ್ಣೆಂದರೆ ಅಂಗಡಿಯ ಗಲ್ಲಾಪೆಟ್ಟಿಗೆ ಇದ್ದ ಹಾಗೆ. ಇವತ್ತಿನ ನೋಟೂ ಅದರಲ್ಲೇ, ಅಜ್ಜನ ಕಾಲದ ನಾಣ್ಯವೂ ಅದರಲ್ಲೇ. ನಿನ್ನೆ ಬಿದ್ದ ಎಲೆ, ಹಳೇ ಬೇರು, ಸಾವಿರ ವರ್ಷದ ಗೊಬ್ಬರ ಎಲ್ಲ ಬೆರೆತಿರುತ್ತದೆ. ಮುಷ್ಟಿ ಮಣ್ಣು ಕೊಟ್ಟು ವಯಸ್ಸು ಕೇಳಿದರೆ ಸಿಗೋದು ಸರಾಸರಿ. ಇದ್ದಿಲಿನಲ್ಲೂ ಒಂದು ಮೋಸವಿದೆ: ಮುದಿ ಮರದ ಇದ್ದಿಲಾದರೆ ಒಲೆ ಹಚ್ಚಿದ ದಿನಕ್ಕಿಂತ ಹಿಂದಿನ ಕಾಲ ತೋರಿಸುತ್ತದೆ.

ಆದ್ದರಿಂದಲೇ ಬಳ್ಳಾರಿ ಮಗ್ಗುಲಿನ ಸಂಗನಕಲ್ಲಿನಲ್ಲಿ ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ವಿದೇಶಿ ಸಂಗಡಿಗರು ಪದರ ಪದರವಾಗಿ ಅಗೆದು, ಸುಟ್ಟು ಕರಿಕಾದ ಹುರುಳಿ, ಹೆಸರು, ಕೊರಲೆ ಕಾಳು ಹುಡುಕಿದರು. ಕಾಳು ಒಂದೇ ಸುಗ್ಗಿಯದು, ವಯಸ್ಸಿನಲ್ಲಿ ಗೊಂದಲ ಕಡಿಮೆ. ಒಂದೇ ಕಾಳಿದ್ದರೂ ಹೊಸ ಯಂತ್ರಕ್ಕೆ ಸಾಕು.

ಸಾಲದೇ ಇರೋದು ಕದಡದ ಪದರ. ಬೂದಿದಿಬ್ಬಗಳಿಂದ ಹೊಲಕ್ಕೆ ಗೊಬ್ಬರ ಹೋಗಿದೆ. ರೈತನನ್ನು ಬೈದು ಫಲವಿಲ್ಲ. ಗೊಬ್ಬರದ ಬೆಲೆ ಅವನಿಗೆ ಪಂಡಿತರಿಗಿಂತ ಚೆನ್ನಾಗಿ ಗೊತ್ತು. ಆದರೆ ಕಪ್ಪಗಲ್ಲು ಬೆಟ್ಟದ ಕಲ್ಲುಗಣಿ? ಅಲ್ಲಿನ ಬಂಡೆಚಿತ್ರಗಳಿಗೆ ಅಪಾಯವಿದೆ ಎಂದು ಸಂಶೋಧಕರು 2004ರಲ್ಲೇ ಅಚ್ಚು ಹಾಕಿ ಕೂಗಿದರು. ಬೋರ್ಡು ನೆಟ್ಟರೆ ದಿಬ್ಬ ಉಳಿಯುವುದಿಲ್ಲ, ಕಾಯುವ ಆಳು ಬೇಕು. ಒಂದು ಸಲ ಗುದ್ದಲಿ ಆಡಿ ಮೇಲಿನ ಬೂದಿ ಕೆಳಕ್ಕೆ, ಕೆಳಗಿನದು ಮೇಲಕ್ಕೆ ಬಂದರೆ, ಕಾಳು ಸಿಕ್ಕರೂ ಅದು ಯಾವ ಪದರದ್ದು ಅಂತ ಹೇಳುವವರಿಲ್ಲ.