ಎರಡೇ ಪಂದ್ಯ ಸಾಕು

ನಮ್ಮ ಕಾಲೇಜಿಗೆ ಕಾಲ್ಚೆಂಡಿನ ತಂಡವೇಕಿಲ್ಲ ಎಂದು ಕೇಳಿದರೆ ಮೂರು ಉತ್ತರಗಳು ಸಿದ್ಧವಾಗಿವೆ: ಮೈದಾನ ಸರಿಯಿಲ್ಲ, ಉಡುಪಿಲ್ಲ, ಕಲಿಸುವವರಿಲ್ಲ. ಇವೆಲ್ಲ ಒದಗಿದ ಮೇಲೆ ತಂಡ ಕಟ್ಟೋಣ ಎನ್ನುವವರೇ ಬಹುಮಂದಿ. ತಂಡ ಮೊದಲು, ಅನುಕೂಲ ಆಮೇಲೆ ಎಂಬುದು ನನ್ನ ವಾದ.

ಅಮೆರಿಕದ ಕಾಲೇಜುಗಳನ್ನೇ ನೋಡಿ. ಅವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಅವರು ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ಇಂದು ಲಕ್ಷ ಜನ ನೆರೆದು ನೋಡುವ ಆ ಆಟದ ಮೊದಲ ವರ್ಷ ಇದ್ದುದು ಎರಡೇ ತಂಡ, ಎರಡೇ ಪಂದ್ಯ. 1869ರ ನವೆಂಬರ್ 6ರಂದು ರಟ್ಗರ್ಸ್ ಕಾಲೇಜಿನವರು ಪ್ರಿನ್ಸ್‌ಟನ್ನಿನವರನ್ನು ತಮ್ಮ ಊರಿಗೆ ಕರೆದರು. ಒಂದೊಂದು ಕಡೆ 25 ಮಂದಿ. ಸಮವಸ್ತ್ರವೆಲ್ಲಿಯದು? ಕೋಟು ಕಳಚಿಟ್ಟು ಆಡಿದರು. ರಟ್ಗರ್ಸಿನ ಹುಡುಗರು ಗುರುತಿಗೆಂದು ತಲೆಗೆ ಕೆಂಪು ಬಟ್ಟೆ ಸುತ್ತಿಕೊಂಡಿದ್ದರು. ಚೆಂಡನ್ನು ಹಿಡಿದು ಓಡುವ ಪದ್ಧತಿ ಇನ್ನೂ ಬಂದಿರಲಿಲ್ಲ. ಕರೆದವರ ನಿಯಮವೇ ಬಂದವರಿಗೂ ನಿಯಮ. ರಟ್ಗರ್ಸ್ 6–4ರಿಂದ ಗೆದ್ದಿತು. ಮರುವಾರ ಪ್ರಿನ್ಸ್‌ಟನ್ನಿಗೆ ಹೋಗಿ, ಅಲ್ಲಿಯ ನಿಯಮದಂತೆ ಆಡಿ, 8–0ರಿಂದ ಸೋತಿತು. ಮೂರನೆಯ ಪಂದ್ಯ ನಡೆಯಲೇ ಇಲ್ಲ.

ಆಟದಿಂದ ಪಾಠ ಕೆಡುತ್ತದೆ, ಮೈಕೈ ಮುರಿಯುತ್ತದೆ ಎಂಬ ಅಧ್ಯಾಪಕರ ಅಂಜಿಕೆ ನಿರಾಧಾರವಲ್ಲ. ಅಮೆರಿಕದಲ್ಲಿ ಆಟ ಒರಟಾಗಿ ಬೆಳೆದು ಆಟಗಾರರು ಪ್ರಾಣ ಕಳೆದುಕೊಂಡರು. 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರೇ ಕಾಲೇಜಿನವರನ್ನು ಕರೆಸಿ ಮಾತಾಡಬೇಕಾಯಿತು. ಮರುವರ್ಷ ನಿಯಮ ತಿದ್ದಿದರು, ಆಟ ನಿಲ್ಲಿಸಲಿಲ್ಲ.

ದೂರದ ಮಾತೇಕೆ ಎನ್ನುವಿರೋ? 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡದವರು ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದರು. 1891ರಲ್ಲಿ ಆರಂಭವಾದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು, ಮರುವರ್ಷವೂ ಗೆದ್ದಿತು. ಸಂತೋಷ್ ಟ್ರೋಫಿಯನ್ನು 1946–47ರಲ್ಲಿ ಮೈಸೂರು ತಂಡ ಪಡೆಯಿತು. ಇಂಥ ನಾಡು 1968–69ರ ತರುವಾಯ ಆ ಟ್ರೋಫಿಗಾಗಿ ಕಾದದ್ದು 54 ವರ್ಷ. 2023ರಲ್ಲಿ ಅದು ಮತ್ತೆ ಕೈಸೇರಿತು. ಬೆಂಗಳೂರಿನ ಕ್ಲಬ್ಬುಗಳು ಮಾತ್ರ ಆಡಿದರೆ ಸಾಲದು, ಹೋಬಳಿಯ ಹುಡುಗರೂ ಆಡಬೇಕು.

ನಮ್ಮ ಚನ್ನರಾಯಪಟ್ಟಣದಲ್ಲಿ ರಾಗಿ ಕೊಯ್ಲಾದ ಹೊಲದಲ್ಲಿ ಸಂಜೆ ಚೆಂಡೊದೆದು ಬೆಳೆದವನು ನಾನು. ಎರಡು ಕಲ್ಲಿಟ್ಟರೆ ಗೋಲು. ಜೊತೆಗೆ ಆಡಿದವರಲ್ಲಿ ನಾಲ್ವರು ಇದೇ ಕಾಲೇಜಿನಲ್ಲಿದ್ದಾರೆ. ಇಲ್ಲಿಗೆ ಬಂದ ಮೇಲೆ ಒಬ್ಬನೂ ಚೆಂಡು ಮುಟ್ಟಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಸೀಮೆಯ ನೆಲಕ್ಕೆ ಬೆಲೆ ಏರಿತು, ಬಯಲು ಕುಗ್ಗಿತು. ಕಾಯುತ್ತ ಕುಳಿತರೆ ನಮ್ಮ ತಮ್ಮಂದಿರಿಗೆ ಕಲ್ಲಿಡಲೂ ಜಾಗವಿರದು.

ಆದುದರಿಂದ ಸಹಪಾಠಿಗಳೇ, ಈ ವರ್ಷವೇ ದೊಡ್ಡಬಳ್ಳಾಪುರದ ಹುಡುಗರಿಗೆ ಒಂದು ಕಾಗದ ಬರೆಯೋಣ. ಒಂದು ಪಂದ್ಯ ಇಲ್ಲಿ, ಒಂದು ಅಲ್ಲಿ. ಅಧ್ಯಾಪಕರೊಬ್ಬರು ಸೀಟಿ ಹಿಡಿದು ನಿಂತರೆ ನಿಯಮಕ್ಕೂ ಕೊರತೆಯಿಲ್ಲ. ಎರಡರಲ್ಲಿಯೂ ಸೋತರೆ ಸೋಲೋಣ. ಮುಂದಿನ ವರ್ಷದ ಸಂಚಿಕೆಯಲ್ಲಿ ಬರೆಯುವುದಕ್ಕೆ ಒಂದು ತಂಡವಾದರೂ ಇರುತ್ತದೆ.